ರೈಟರ್ ಕುಶಾಲಪ್ಪನವರ ಉಬ್ಬದ ತೋಳು

೧೯೫೮ರ ಜನವರಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೆಯ ಚಳಿಗಾಲ. ಊರೂರು ತಿರುಗಿ ಕ್ಷಯರೋಗದ ವಿರುದ್ಧ ಬಿ.ಸಿ.ಜಿ. ಲಸಿಕೆ ಹಾಕುವ ಸಂಚಾರಿ ತಂಡವೊಂದಕ್ಕೆ ನಾನು ವೈದ್ಯಾಧಿಕಾರಿ. ವಯಸ್ಸು ಇಪ್ಪತ್ತೇಳು, ಮೈಸೂರು ನಗರ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಇಲಾಖೆಯವರು ನನಗೆ ಒಂದು ಹಳೆಯ ಜೀಪು, ಇಬ್ಬರು ಟೆಕ್ನಿಷಿಯನ್ನರು, ಐಸ್ ತುಂಬಿದ ಒಂದು ಪೆಟ್ಟಿಗೆ ಮತ್ತು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಅಳತೆಪಟ್ಟಿ ಕೊಟ್ಟಿದ್ದರು. ಆ ಪಟ್ಟಿಯ ಬಗ್ಗೆ ನನಗಿದ್ದ ಜಂಬ ಹೇಳತೀರದು. ಅಂಗಿಯ ಜೇಬಿನಲ್ಲಿ ಪೆನ್ನಿಗಿಂತ ಎತ್ತರಕ್ಕೆ ಕಾಣುವಂತೆ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ. ಅದೇ ಪಟ್ಟಿ ಹಿಡಿದು ನಾನು ಹೆಂಗಸೊಬ್ಬಳ ಅನ್ನಕ್ಕೆ ಕಲ್ಲು ಹಾಕಿದ ಕಥೆ ಇದು. ಕೊನೆಗೆ ಅನ್ನ ಉಳಿಯಿತು, ಆದ್ದರಿಂದ ಓದುಗರು ಗಾಬರಿಯಾಗಬೇಕಿಲ್ಲ.

ನಮ್ಮ ಕೆಲಸ ಎರಡು ಹಂತದ್ದು. ಮೊದಲನೆಯದು ಟ್ಯೂಬರ್‌ಕ್ಯುಲಿನ್ ಪರೀಕ್ಷೆ. ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದು ಶುದ್ಧ ಮಾಡಿದ ಪ್ರೋಟೀನು ಟ್ಯೂಬರ್‌ಕ್ಯುಲಿನ್. ಅದರಲ್ಲಿ ಜೀವಂತ ಕ್ರಿಮಿ ಇರುವುದಿಲ್ಲ. ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗದಷ್ಟನ್ನು ಎಡಗೈಯ ಒಳಭಾಗದಲ್ಲಿ, ಚರ್ಮದ ಪದರದೊಳಗೇ ಚುಚ್ಚಬೇಕು. ಎಪ್ಪತ್ತೆರಡು ಗಂಟೆ ಕಳೆದ ಮೇಲೆ ಬಂದು, ಆ ಜಾಗದಲ್ಲಿ ಗಟ್ಟಿಯಾದ ಉಬ್ಬು ಎಷ್ಟು ಅಗಲವಾಗಿದೆ ಎಂದು ಅಳೆಯಬೇಕು. ಆರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆ ದೇಹ ಕ್ಷಯದ ಕ್ರಿಮಿಯನ್ನು ಇನ್ನೂ ಕಂಡಿಲ್ಲ ಎಂದು ಲೆಕ್ಕ. ಅಂಥವರಿಗೆ ಎರಡನೆಯ ಹಂತವಾಗಿ ಬಿ.ಸಿ.ಜಿ. ಲಸಿಕೆ. ಹೆಚ್ಚಿದ್ದರೆ ದೇಹ ಯಾವಾಗಲೋ ಆ ಕ್ರಿಮಿಯನ್ನು ಕಂಡಿದೆ, ಗುರುತಿಟ್ಟುಕೊಂಡಿದೆ, ಲಸಿಕೆ ಬೇಕಿಲ್ಲ. ಕಂಡಿದೆ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಈ ಕೊನೆಯ ವಾಕ್ಯವನ್ನು ನಾನು ಜನರಿಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಅವಸರ.

ಸುಂಟಿಕೊಪ್ಪದಿಂದ ನಾಲ್ಕು ಮೈಲಿ ಒಳಗಿದ್ದ ಒಂದು ಅರೇಬಿಕಾ ಎಸ್ಟೇಟು. ಹಣ್ಣು ಕೊಯ್ಯುವ ಕಾಲ. ಸೋಮವಾರ ಬೆಳಿಗ್ಗೆ ಏಳಕ್ಕೆ ನಾವು ಹೋದಾಗ ಕಾರ್ಮಿಕರೆಲ್ಲ ಕಂಬಳಿ ಹೊದ್ದು ಮಸ್ಟರ್ ಮೈದಾನದಲ್ಲಿ ಸಾಲಾಗಿ ನಿಂತಿದ್ದರು. ಹಾಜರಿ ಕೂಗಿ ದಿನದ ಕೆಲಸ ಹಂಚುವುದಕ್ಕೆ ಅಲ್ಲಿ ಮಸ್ಟರ್ ಎನ್ನುತ್ತಾರೆ. ಅದನ್ನು ನಡೆಸುತ್ತಿದ್ದವರು ರೈಟರ್ ಕುಶಾಲಪ್ಪ. ಎಸ್ಟೇಟಿನಲ್ಲಿ ರೈಟರ್ ಎಂದರೆ ಕಥೆ ಕವನ ಬರೆಯುವವರಲ್ಲ, ಹಾಜರಿ ಹಿಡಿದು ಕೆಲಸ ನೋಡಿಕೊಳ್ಳುವ ಗುಮಾಸ್ತರು. ಭಾಗಮಂಡಲದ ಕಡೆಯ, ಅರೆಭಾಷೆ ಎಂಬ ಕನ್ನಡದ ಒಳನುಡಿ ಆಡುವ ಗೌಡರು. ಮೂವತ್ತನಾಲ್ಕರ ಪ್ರಾಯ, ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಮೊಣಕಾಲಿನ ತನಕ ಉಣ್ಣೆಯ ಕಾಲುಚೀಲ.

"ಮೊದ್ಲು ನಂಗೇ ಚುಚ್ಚಿ ಡಾಕ್ಟ್ರೆ" ಎಂದು ತೋಳು ಮಡಿಸಿ ಮುಂದೆ ಬಂದರು. "ನಾನು ಹಾಕಿಸಿಕೊಳ್ಳದೆ ಇವ್ರು ಯಾರೂ ಕೈ ಕೊಡುದಿಲ್ಲ."

ಅವರಿಗೆ ಚುಚ್ಚಿದ ಮೇಲೆ ಅವರೇ ಒಬ್ಬೊಬ್ಬರ ಹೆಸರು ಕೂಗತೊಡಗಿದರು. ಮೂವತ್ತು ಹೆಸರು ದಾಟುವಷ್ಟರಲ್ಲಿ ದನಿ ಕುಗ್ಗಿತು. ಕೆಮ್ಮಿದರು, ಫ್ಲಾಸ್ಕಿನಿಂದ ಬಿಸಿನೀರು ಕುಡಿದರು, ಮತ್ತೆ ಕೂಗಿದರು. ಸಾಲಿನ ಕೊನೆಯವರಿಗೆ ಕೇಳಿಸಲೇ ಇಲ್ಲ. ಆಗ ಪಕ್ಕದಲ್ಲಿ ಕಂಕುಳಲ್ಲಿ ಒಂದು ಕೂಸು, ಸೆರಗಿಗೆ ಜೋತುಬಿದ್ದ ಇನ್ನೊಂದು ಮಗುವಿನೊಡನೆ ನಿಂತಿದ್ದ ಹೆಂಗಸೊಬ್ಬಳು, ಪುಸ್ತಕ ನೋಡದೆಯೇ ಮುಂದಿನ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಕೂಗಿಬಿಟ್ಟಳು. ಅವಳೇ ಈರಮ್ಮ, ಎಸ್ಟೇಟಿನ ಕೂಸುಗಳ ಶೆಡ್ಡಿನ ಆಯಾ. ಕೊಯ್ಲಿಗೆ ಹೋಗುವ ತಾಯಂದಿರು ತಮ್ಮ ಹಸುಗೂಸುಗಳನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. ಅರಕಲಗೂಡಿನ ಕಡೆಯವಳು, ಗಂಡ ಸತ್ತು ಎಂಟು ವರ್ಷ, ಸ್ವಂತ ಮಕ್ಕಳಿಲ್ಲ. ಶೆಡ್ಡಿನ ಕೆಲಸ ಇರುವ ತನಕ ಲೈನಿನಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಒಂದು ಕೋಣೆ. ಕೆಲಸ ಹೋದರೆ ಕೋಣೆಯೂ ಹೋದಂತೆ.

ರೈಟರ್ ಗಂಟಲು ಚಳಿಗೆ ಕಟ್ಟಿರಬೇಕು ಎಂದು ನಾನು ತೀರ್ಮಾನಿಸಿ, ಜೀಪಿನಲ್ಲಿದ್ದ ಪೆಪ್ಪರ್‌ಮಿಂಟೊಂದನ್ನು ಅವರ ಕೈಗಿಟ್ಟೆ. ಎಂ.ಬಿ.ಬಿ.ಎಸ್. ಓದಿದ್ದಕ್ಕೆ ಆ ದಿನ ಅಷ್ಟೇ ಫಲ.

ಗುರುವಾರ ಅಳತೆಯ ದಿನ. ನನ್ನದೊಂದು ಕ್ರಮವಿತ್ತು: ತೋಳು ಮುಟ್ಟಿ ಗಟ್ಟಿ ಭಾಗದ ಅಂಚು ಗುರುತಿಸುವುದು, ಪಟ್ಟಿ ಇಡುವುದು, ಅಂಕಿಯನ್ನು ಗಟ್ಟಿಯಾಗಿ ಹೇಳುವುದು. ಪಕ್ಕದಲ್ಲಿ ಕುಳಿತು ರಿಜಿಸ್ಟರಿನಲ್ಲಿ ಬರೆದುಕೊಳ್ಳುವವರಿಗೆ ಅನುಕೂಲವಾಗಲಿ ಎಂದು ಈ ಪದ್ಧತಿ. ಆವತ್ತು ಬರೆದುಕೊಳ್ಳಲು ಕುಳಿತವರು ರೈಟರೇ. ಮೊದಲು ಅವರ ತೋಳು ನೋಡಿದೆ. ಏನೂ ಇಲ್ಲ, ಮಗುವಿನ ಕೆನ್ನೆಯಷ್ಟು ನಯ. "ಸೊನ್ನೆ" ಎಂದೆ. ಅವರ ಮುಖ ಅರಳಿತು. ತೋಳನ್ನು ಎತ್ತಿ ಸಾಲಿಗೆಲ್ಲ ತೋರಿಸಿದರು. ನೂರಾ ಹನ್ನೆರಡು ತೋಳುಗಳಲ್ಲಿ ಆರು, ಒಂಬತ್ತು, ಎಂಟು ಎಂದು ಸಾಗುತ್ತ ಈರಮ್ಮನ ಸರದಿ ಬಂತು. ನಾಲ್ಕಾಣೆಯ ನಾಣ್ಯಕ್ಕಿಂತ ತುಸುವೇ ಕಿರಿದಾದ ಗಟ್ಟಿ ಉಬ್ಬು.

"ಹದಿನೆಂಟು!" ಎಂದು ಕೂಗಿದೆ. ದೊಡ್ಡ ಅಂಕಿ ಸಿಕ್ಕಿತೆಂಬ ಖುಷಿ ದನಿಯಲ್ಲಿ ಇದ್ದಿರಬೇಕು.

ರೈಟರ್ ಪೆನ್ನು ಕೆಳಗಿಟ್ಟರು. ಎದ್ದು ಬಂದು ಅವಳ ತೋಳನ್ನು ದಿಟ್ಟಿಸಿದರು. ಅವರು ಯಾವ ಕಣ್ಣಿನಿಂದ ನೋಡುತ್ತಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ. ಅರೇಬಿಕಾ ಕಾಫಿಗೆ ಬೋರರ್ ಎಂಬ ಕಾಂಡಕೊರಕದ ಕಾಟ. ಹುಳು ಕಾಂಡದೊಳಗೆ ಕೊರೆದುಕೊಂಡು ಹೋದ ದಾರಿಯ ಮೇಲೆ ತೊಗಟೆ ಏಣು ಏಣಾಗಿ ಉಬ್ಬುತ್ತದೆ. ವರ್ಷವರ್ಷ ಆಳುಗಳ ತಂಡವೊಂದು ಗಿಡಗಿಡವನ್ನೂ ಸವರಿ ನೋಡಿ, ಉಬ್ಬಿದ ಗಿಡ ಸಿಕ್ಕರೆ ಬುಡಸಮೇತ ಕಿತ್ತು ಸುಡುತ್ತದೆ. ಇಲ್ಲವಾದರೆ ಪಕ್ಕದ ಗಿಡಗಳಿಗೂ ಹಬ್ಬೀತೆಂಬ ಭಯ. ಕುಶಾಲಪ್ಪ ಹನ್ನೊಂದು ವರ್ಷ ಆ ತಂಡದ ಮೇಲ್ವಿಚಾರಕರು. ಅವರಿಗೆ ಉಬ್ಬು ಎಂದರೆ ಒಳಗೆ ಹುಳ. ಅವರಿಗೊಬ್ಬರಿಗೇ ಅಲ್ಲ, ಆ ಮೈದಾನದಲ್ಲಿದ್ದ ಎಲ್ಲರಿಗೂ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಲೈನಿಗೆಲ್ಲ ಹಬ್ಬಿತು. ಒಬ್ಬೊಬ್ಬರಾಗಿ ತಾಯಂದಿರು ಕೊಯ್ಲು ಬಿಟ್ಟು ಬಂದು ಕೂಸುಗಳನ್ನು ಎತ್ತಿಕೊಂಡು ಹೋದರು. ನಾನು ಶೆಡ್ಡಿಗೆ ಹೋದಾಗ ಅಡ್ಡದ ತೊಲೆಗೆ ಕಟ್ಟಿದ್ದ ಸೀರೆಯ ತೊಟ್ಟಿಲುಗಳು ಸಾಲಾಗಿ ಖಾಲಿ ನೇತಾಡುತ್ತಿದ್ದವು. ಈರಮ್ಮ ಒಣಗಿದ ಬಟ್ಟೆಯ ತುಂಡುಗಳನ್ನು ಮಡಿಸುತ್ತ ಕುಳಿತಿದ್ದಳು. ಅತ್ತಿರಲಿಲ್ಲ. ನನ್ನನ್ನು ಕಂಡು, "ಬೆಳಗ್ಗೆ ಗಂಜಿ ಕಾಸಿದ್ದೆ ಸಾಮಿ, ಎಲ್ಲ ಹಂಗೇ ಐತೆ, ಕುಡಿಯೋರಿಲ್ಲ" ಎಂದಳು. ನನಗೆ ನಾಚಿಕೆಯಾಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮ್ಯಾನೇಜರ್ ಬೋಪಯ್ಯನವರ ಆಫೀಸಿಗೆ ಓಡಿದೆ. ಒಳ್ಳೆಯ ಮನುಷ್ಯ, ಆದರೆ ಕಾಫಿ ಗಿಡದ ಮೂಲಕವೇ ಲೋಕವನ್ನೆಲ್ಲ ನೋಡುವವರು. ರೈಟರ್ ಆಗಲೇ ಅಲ್ಲಿಗೆ ವರದಿ ಒಪ್ಪಿಸಿ ಹೋಗಿದ್ದರು.

"ಮೂವತ್ತೊಂದು ಕೂಸುಗಳಿವೆ ಡಾಕ್ಟರ್, ನಾನು ರಿಸ್ಕ್ ತಗೊಳ್ಳೋಕಾಗಲ್ಲ" ಎಂದರು.

"ಒಂದು ಮಾತು ಹೇಳಿ. ಬೋರರ್ ಬಿದ್ದ ಗಿಡದ ಆ ಉಬ್ಬು ಹುಳ ಕಟ್ಟಿದ್ದೋ, ಗಿಡ ಕಟ್ಟಿದ್ದೋ?"

ಅವರು ತುಸು ಯೋಚಿಸಿದರು. "ಗಿಡ ಕಟ್ಟಿದ್ದು. ಗಾಯ ಮುಚ್ಚೋಕೆ."

"ಈರಮ್ಮನ ತೋಳನ್ನ ಉಬ್ಬಿಸಿರೋದು ಈರಮ್ಮನ ದೇಹವೇ. ಗಂಡನಿಗೆ ಕ್ಷಯವಾಗಿದ್ದಾಗ ಇವಳೇ ಆರೈಕೆ ಮಾಡಿದ್ದಳಂತೆ. ಆಗ ಕ್ರಿಮಿಯನ್ನ ಕಂಡ ದೇಹ ಅದನ್ನ ಮರೆತಿಲ್ಲ, ಅಷ್ಟೆ."

"ಅದು ಸರಿ. ಆದ್ರೆ ಒಳಗೆ ಈಗ ಹುಳ ಇದ್ಯೋ ಇಲ್ವೋ?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅದನ್ನು ತೋಳು ಹೇಳುವುದಿಲ್ಲ, ಎಕ್ಸ್-ರೇ ಮತ್ತು ಕಫದ ಪರೀಕ್ಷೆ ಹೇಳುತ್ತವೆ ಎಂದೆ. ಸೋಮವಾರದ ಮಸ್ಟರಿನ ಒಳಗೆ ಮಡಿಕೇರಿಯಿಂದ ಬರಹದಲ್ಲಿ ತಂದರೆ ಸರಿ, ಇಲ್ಲದಿದ್ದರೆ ಶೆಡ್ಡಿಗೆ ಬೇರೆಯವಳು ಎಂದು ಅವರು ಮಾತು ಮುಗಿಸಿದರು. ನಮ್ಮ ತಂಡದ ಕೆಲಸ ಲಸಿಕೆ ಹಾಕುವುದು, ರೋಗ ಹುಡುಕುವುದಲ್ಲ. ಮೇಲಿನವರು ಕೇಳಿದರೆ ಬೈಸಿಕೊಂಡರಾಯಿತು ಎಂದು ಒಪ್ಪಿಬಿಟ್ಟೆ.

ಆವತ್ತೇ ಮಧ್ಯಾಹ್ನ ಮೂರಕ್ಕೆ ಉಬ್ಬಿಲ್ಲದವರಿಗೆ ಬಿ.ಸಿ.ಜಿ. ಹಾಕುವ ಕೆಲಸ. ಮೊದಲ ಸ್ಟೂಲಿನ ಮೇಲೆ ಯಥಾಪ್ರಕಾರ ಕುಶಾಲಪ್ಪ. ಸಿರಿಂಜಿಗೆ ಲಸಿಕೆ ಎಳೆದು ಅವರ ಎಡಭುಜ ಒರೆಸುತ್ತಿದ್ದೆ. ಈರಮ್ಮ ನೇರವಾಗಿ ನಡೆದು ಬಂದು ನನ್ನ ಮೊಣಕೈ ಹಿಡಿದಳು.

"ಸಾಮಿ, ಒಂದ್ ಗಳಿಗೆ ಈ ಕಡೆ ಬನ್ನಿ."

ಜೀಪಿನ ಮರೆಗೆ ಹೋದೆವು. "ರೈಟ್ರಯ್ಯಂಗೆ ಸೂಜಿ ಹಾಕೋಕ್ ಮುಂಚೆ ಎದೆ ಒಂದ್ಸಲ ನೋಡಿ" ಎಂದಳು. "ಹೋದ ಗೌರಿ ಹಬ್ಬದಿಂದ ಕಾಣ್ತಾ ಇವ್ನಿ. ಮಸ್ಟರಲ್ಲಿ ಮೊದ್ಲು ಗುಡ್ಡದ ಆ ಕಡೆ ಲೈನಿಗೂ ಕೇಳೋದು ಅವ್ರ ಕೂಗು. ಈಗ ಅರ್ಧ ಹೆಸ್ರು ನಾನೇ ಕೂಗ್ತೀನಿ. ಸಂಜೆ ಆದ್ರೆ ಮೈ ಬೆಚ್ಚಗಾಯ್ತದೆ, ಶಾಲು ಹೊದ್ಕೋತಾರೆ. ಬೆಲ್ಟಿಗೆ ಎರಡು ತೂತು ಹೊಸ್ದಾಗಿ ಹೊಡಿಸವ್ರೆ. ನಮ್ಮನೆಯೋರ್ಗೂ ಹಿಂಗೇ ಸುರುವಾಗಿದ್ದು."

ನನಗೆ ತಟ್ಟನೆ ಬಂದ ಅನುಮಾನವನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಕುತ್ತು ತಂದವರ ಮೇಲೆ ಇವಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆಯೇ ಎಂದುಕೊಂಡೆ, ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಆ ದಿನ ಮೊದಲ ಬಾರಿಗೆ ಅವಳಿಗೆ ಸಿಟ್ಟು ಬಂತು.

"ನನ್ ಕೆಲ್ಸ ಹೋದ್ರೆ ಹೋಗ್ಲಿ ಬುಡಿ. ಅವ್ರ ಮನೇಲೂ ಎಂಟು ತಿಂಗಳ ಒಂದು ಕೂಸೈತೆ!"

ಹಿಂದಿರುಗಿ ಬಂದು ಸಿರಿಂಜು ಕೆಳಗಿಟ್ಟು ಸ್ಟೆತಾಸ್ಕೋಪು ಎತ್ತಿಕೊಂಡೆ. ಬಲಗಡೆ ಎದೆಯ ಮೇಲ್ಭಾಗದಲ್ಲಿ, ಕೆಮ್ಮಿಸಿದ ಮೇಲೆ, ಬರಬಾರದ ಶಬ್ದ ಸ್ಪಷ್ಟವಾಗಿ ಬರುತ್ತಿತ್ತು. ಸೋಮವಾರ ನಾನು ಪೆಪ್ಪರ್‌ಮಿಂಟು ಕೊಟ್ಟಿದ್ದು ಇದೇ ಎದೆಗೆ. ಗಂಟಲ ಪರೀಕ್ಷೆಗೆ ಮಡಿಕೇರಿಗೆ ಹೋಗಿಬರೋಣ ಎಂದಷ್ಟೇ ಅವರಿಗೆ ಹೇಳಿದೆ.

ಶುಕ್ರವಾರ ಜೀಪಿನಲ್ಲಿ ಹೊರಟೆವು. ರೈಟರ್ ಮುಂದಿನ ಸೀಟಿನಲ್ಲಿ, ಹಿಂದೆ ಕುಳಿತ ಈರಮ್ಮನಿಂದ ತಮಗೇನಾದರೂ ತಗುಲೀತೆಂದು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ದಾರಿಯುದ್ದಕ್ಕೂ ಕರವಸ್ತ್ರದೊಳಗಿಂದಲೇ ನನಗೆ ಬೋರರ್ ಬಗ್ಗೆ ಪಾಠ. ಹಿಂದಿನಿಂದ ಈರಮ್ಮ, "ಕರವಸ್ತ್ರ ಬಿಚ್ಚಬ್ಯಾಡಿ ರೈಟ್ರಯ್ಯ, ಅದು ಅಲ್ಲೇ ಇರ್ಲಿ, ಒಳ್ಳೇದು" ಎಂದು ತಣ್ಣಗೆ ಹೇಳಿದಾಗ ನಾನು ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದೆ.

ಶನಿವಾರ ಫಲಿತಾಂಶ ಬಂತು. ಈರಮ್ಮನ ಎಕ್ಸ್-ರೇಯಲ್ಲಿ ಎಂದೋ ವಾಸಿಯಾಗಿ ಸುಣ್ಣಗಟ್ಟಿದ ಒಂದು ಚುಕ್ಕೆ, ಅಷ್ಟೇ. ಕಫದಲ್ಲಿ ಕ್ರಿಮಿ ಇಲ್ಲ. ಕುಶಾಲಪ್ಪನವರ ಕಫದ ಸ್ಲೈಡನ್ನು ಲ್ಯಾಬಿನಲ್ಲಿ ನಾನೇ ನೋಡಿದೆ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು, ಹುಡುಕುವ ಕಷ್ಟವೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಅವರ ಪಕ್ಕ ಕುಳಿತು ವಿಷಯ ಹೇಳಿದೆ.

"ಅದು ಹೇಂಗೆ ಡಾಕ್ಟ್ರೆ?" ಅವರು ತೋಳು ಮುಂದೆ ಚಾಚಿದರು. "ನನ್ನ ತೋಳು ಚೊಕ್ಕ ಉಂಟಲ್ಲ?"

"ಅದೇ ತೊಂದರೆ ರೈಟ್ರೆ. ನಿಮ್ಮ ತೋಳು ಉಬ್ಬಬೇಕಿತ್ತು."

ಯಾಕೆ ಉಬ್ಬಲಿಲ್ಲ ಎಂಬುದಕ್ಕೆ ಆಗ ನನ್ನ ಬಳಿ ಇದ್ದದ್ದು ಪುಸ್ತಕದ ಒಂದೇ ಪದ: ಅನರ್ಜಿ. ಕಾಯಿಲೆ ಬಲಿತು ದೇಹ ಸೊರಗಿದಾಗ ಪರೀಕ್ಷೆಗೆ ಅದು ಓಗೊಡದೆ ಇರಬಹುದು ಎಂದು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದೆ. ಕಾರಣ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂದೆ ನಾನು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೇಷ್ಟ್ರಾದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ರಕ್ತಕಣಗಳು ಒಂದಕ್ಕೊಂದು ಕಳಿಸುವ ಸಂಕೇತಗಳಾದ ಸೈಟೊಕೈನ್‌ಗಳ ವಿಚಾರ ಒಂದೊಂದಾಗಿ ಹೊರಬಂದಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಆ ಬೆಂಚು. ತರಗತಿಯಲ್ಲಿ ಹುಡುಗರಿಗೆ ನಾನು ಇದನ್ನು ಮಸ್ಟರಿನ ಭಾಷೆಯಲ್ಲೇ ಹೇಳುತ್ತಿದ್ದೆ. ರಕ್ತದಲ್ಲಿ ಹೆಲ್ಪರ್ ಟಿ ಸೆಲ್ ಎಂಬ ಬಿಳಿಯ ಕಣಗಳಿವೆ. ಒಂದೊಂದಕ್ಕೂ ಒಂದೊಂದು ಶತ್ರುವಿನ ಗುರುತು ಮಾತ್ರ ಗೊತ್ತು. ಕ್ಷಯದ ಕ್ರಿಮಿಯನ್ನು ಬಲ್ಲ ಕಣ ಅದರ ಪ್ರೋಟೀನನ್ನು ಕಂಡ ಕೂಡಲೇ ಎರಡು ಕೆಲಸ ಮಾಡುತ್ತದೆ. ಇಂಟರ್‌ಲ್ಯೂಕಿನ್-೨ ಎಂಬ ರಾಸಾಯನಿಕ ಕೂಗನ್ನು ಹೊರಗೆ ಬಿಡುತ್ತದೆ; ಆ ಕೂಗನ್ನು ಚೆನ್ನಾಗಿ ಕೇಳಬಲ್ಲ ಕಿವಿಯನ್ನು ತನ್ನ ಮೈಮೇಲೆ ಮೂಡಿಸಿಕೊಳ್ಳುತ್ತದೆ. ತನ್ನ ಕೂಗನ್ನು ತಾನೇ ಕೇಳಿ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಶತ್ರುವನ್ನು ಕಾಣದ ಉಳಿದ ಕಣಗಳಿಗೆ ಅಂಥ ಕಿವಿ ಮೂಡದ ಕಾರಣ ಅವು ಸುಮ್ಮನಿರುತ್ತವೆ, ಹೆಸರು ಕೂಗಿದಾಗ ಆ ಹೆಸರಿನವರು ಮಾತ್ರ ಮುಂದೆ ಬರುವ ಹಾಗೆ. ಹೀಗೆ ಬೆಳೆದ ಗುಂಪು ಇಂಟರ್‌ಫೆರಾನ್-ಗಾಮಾದಂಥ ಇನ್ನಷ್ಟು ಸಂಕೇತ ಕಳಿಸಿ ಕ್ರಿಮಿ ನುಂಗುವ ದೊಡ್ಡ ಕಣಗಳನ್ನು ಕರೆಸುತ್ತದೆ. ಅವೆಲ್ಲ ಚುಚ್ಚಿದ ಜಾಗಕ್ಕೆ ಬಂದು ಸೇರಲು ಎರಡು ಮೂರು ದಿನ ಬೇಕು. ನಾನು ಅಳೆಯುತ್ತಿದ್ದ ಉಬ್ಬು ಆ ಜಮಾವಣೆಯೇ.

ಕೂಗಿಗೆ ಕಡಿವಾಣವೂ ಉಂಟು. ಇಂಟರ್‌ಲ್ಯೂಕಿನ್-೧೦ರಂಥ ಸಂಕೇತಗಳು ಸಾಕು, ನಿಲ್ಲಿಸು ಎನ್ನುತ್ತವೆ. ಇಲ್ಲವಾದರೆ ಕಣಗಳು ಬೆಳೆಯುತ್ತಲೇ ಹೋಗಿ ನಮ್ಮ ಮೈಯನ್ನೇ ಹಾಳು ಮಾಡಿಯಾವು. ಬಲಿತ ಕ್ಷಯದಲ್ಲಿ ಕೂಗು ಕ್ಷೀಣವಾಗುತ್ತದೆ, ಕಡಿವಾಣ ಬಿಗಿಯಾಗುತ್ತದೆ, ಇರುವ ಕಣಗಳಲ್ಲೂ ಬಹುಪಾಲು ಶ್ವಾಸಕೋಶದ ಜಗಳದಲ್ಲೇ ಸಿಕ್ಕಿಕೊಂಡಿರುತ್ತವೆ. ಕುಶಾಲಪ್ಪನವರ ತೋಳು ಚೊಕ್ಕವಾಗಿ ಕಂಡದ್ದು ಅದಕ್ಕೆ. ಎಲ್ಲ ರೋಗಿಗಳಿಗೂ ಹೀಗಾಗುವುದಿಲ್ಲ, ಹೆಚ್ಚಿನವರ ತೋಳು ಉಬ್ಬುತ್ತದೆ. ನನ್ನ ಪಾಲಿಗೆ ಬಂದವರು ಇವರು.

ಆವತ್ತು ಆ ಬೆಂಚಿನ ಮೇಲೆ ಅವರು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಆಮೇಲೆ ಕೇಳಿದ್ದು ಒಂದೇ: "ಮಗಳಿಗೆ?" ಹೆಂಡತಿ ಸೀತಮ್ಮ ಮತ್ತು ಮಗುವನ್ನು ಪರೀಕ್ಷಿಸಿದೆವು. ಇಬ್ಬರಿಗೂ ಕಾಯಿಲೆ ತಗುಲಿರಲಿಲ್ಲ. ಮಗುವಿಗೆ ಬಿ.ಸಿ.ಜಿ. ಹಾಕಿ ತಾಯಿಯೊಡನೆ ಅಜ್ಜಿಮನೆಗೆ ಕಳಿಸಿದೆವು. ಇನ್ನೊಂದಿಷ್ಟು ತಿಂಗಳು ತಡವಾಗಿದ್ದರೆ ಹೀಗೆ ಬರೆಯಲು ಸಾಧ್ಯವಾಗುತ್ತಿತ್ತೋ ಇಲ್ಲವೋ.

ಸೋಮವಾರದ ಮಸ್ಟರಿಗೆ ಮ್ಯಾನೇಜರ್ ಬೋಪಯ್ಯ ತಾವೇ ಬಂದರು. ಮಡಿಕೇರಿಯ ಕಾಗದವನ್ನು ಕೈಯಲ್ಲಿ ಹಿಡಿದು, "ಈರಮ್ಮನಿಗೆ ಏನೂ ಇಲ್ಲ, ತಪ್ಪು ನಮ್ಮದು. ಕೂಸುಗಳನ್ನ ಶೆಡ್ಡಿಗೆ ತನ್ನಿ" ಎಂದರು. ನಾನೂ ಮುಂದೆ ನಿಂತು, ಮೊದಲ ದಿನ ಹೇಳದೆ ಬಿಟ್ಟಿದ್ದನ್ನು ಅರ್ಧ ಗಂಟೆ ವಿವರಿಸಿದೆ. ಅಷ್ಟು ಉದ್ದದ ಭಾಷಣ ಬೇಕಿರಲಿಲ್ಲ. ಅರ್ಧಕ್ಕೇ ಹೆಂಗಸರು ಶೆಡ್ಡಿನ ಕಡೆ ನಡೆದಿದ್ದರು, ಹತ್ತು ನಿಮಿಷದಲ್ಲಿ ಅಲ್ಲಿಂದ ಮೂವತ್ತೊಂದು ಗಂಟಲುಗಳ ಅಳು ಒಟ್ಟಿಗೆ ಕೇಳಿಬಂತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಇಂಪಾದ ಗಲಾಟೆ ಇನ್ನೊಂದು ಕೇಳಿಲ್ಲ.

ಕುಶಾಲಪ್ಪ ಮಡಿಕೇರಿಯ ವಾರ್ಡಿನಲ್ಲಿ ತಿಂಗಳುಗಟ್ಟಲೆ ಇದ್ದರು. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಐಸೋನಿಯಾಜಿಡ್ ಮಾತ್ರೆ, ಜೊತೆಗೆ ಪಿ.ಎ.ಎಸ್. ಎಂಬ ಇನ್ನೊಂದು ಔಷಧ. ಅದರ ರುಚಿಯ ಬಗ್ಗೆ ಅವರು ಅರೆಭಾಷೆಯಲ್ಲಿ ಹೇಳಿದ್ದನ್ನು ಇಲ್ಲಿ ಅಚ್ಚು ಹಾಕಲಾಗದು. ಹಾಲು, ಮೊಟ್ಟೆ, ವಿಶ್ರಾಂತಿ. ಭಾನುವಾರದ ಬಸ್ಸಿಗೆ ಲೈನಿನಿಂದ ಯಾರಾದರೊಬ್ಬರು ಅವರಿಗೆ ಬುತ್ತಿ ತರುತ್ತಿದ್ದರು. ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ಯಾರೆಂದು ಹೇಳಬೇಕಿಲ್ಲ.

ಮುಂದಿನ ಡಿಸೆಂಬರಿನಲ್ಲಿ ನಮ್ಮ ತಂಡ ಅದೇ ದಾರಿಯಲ್ಲಿ ಬಂದಾಗ ಅವರು ಕೆಲಸಕ್ಕೆ ಮರಳಿದ್ದರು. ಕಫ ತಿಂಗಳುಗಳಿಂದ ಶುದ್ಧ, ತೂಕ ಹದಿನಾರು ಪೌಂಡು ಹೆಚ್ಚು. ಮತ್ತೊಮ್ಮೆ ಚುಚ್ಚಲೇಬೇಕೆಂದು ಹಟ ಹಿಡಿದರು. ವೈದ್ಯಕೀಯವಾಗಿ ಅಗತ್ಯವಿರಲಿಲ್ಲ, ನನಗೂ ಕುತೂಹಲವಿತ್ತು, ಚುಚ್ಚಿದೆ. ಮೂರನೆಯ ದಿನ ಹದಿಮೂರು ಮಿಲಿಮೀಟರ್. ನಾನು ಸದ್ದಿಲ್ಲದೆ ಬರೆದುಕೊಂಡೆ. ಅವರು ಮಾತ್ರ ತೋಳೆತ್ತಿ ಕಾಫಿ ಕಣದ ತನಕ ಓಡಿ, ಹಣ್ಣು ಹರಡುತ್ತಿದ್ದವರಿಗೆಲ್ಲ ಉಬ್ಬನ್ನು ಮುಟ್ಟಿಸಿ ಬಂದರು.

ಆಮೇಲೆ ಮೂವತ್ತು ವರ್ಷ ಅಳತೆಯ ಕೆಲಸವನ್ನೇ ಮಾಡಿದೆ, ಕಲಿಸಿದೆ. ಅಳತೆ ತಪ್ಪೆಂದು ನಾನು ಹೇಳಲಾರೆ; ಈರಮ್ಮನ ಹದಿನೆಂಟೂ ನಿಜ, ಕುಶಾಲಪ್ಪನವರ ಸೊನ್ನೆಯೂ ನಿಜ. ಆದರೆ ಎರಡರ ಅರ್ಥವನ್ನೂ ನಾನು ತಿಳಿದದ್ದು ತಿಂಗಳುಗಟ್ಟಲೆ ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು ಅವನ ಕೆಮ್ಮು ಕೇಳಿಸಿಕೊಂಡಿದ್ದ ಆಯಾಳಿಂದ. ರೋಗಿಯನ್ನು ಪರೀಕ್ಷಿಸುವ ಮುನ್ನ ಅವರ ಜೊತೆಗಿರುವವರನ್ನು ಕೇಳಿ ಎಂದು ಪ್ರತಿ ವರ್ಷದ ಹುಡುಗರಿಗೂ ಹೇಳಿದ್ದೇನೆ. ಎಷ್ಟು ಮಂದಿ ಕೇಳಿಸಿಕೊಂಡರೋ ಗೊತ್ತಿಲ್ಲ.

ನಾವು ಹೊರಡುವ ಬೆಳಿಗ್ಗೆ ಜೀಪು ಶೆಡ್ಡಿನ ಮುಂದೆ ನಿಂತಿತ್ತು. ರೈಟರ ಮನೆಯ ಮಕ್ಕಳನ್ನು ಲೈನಿನ ಕೂಸುಗಳ ಜೊತೆ ಬಿಡುವುದು ಆ ಕಾಲದಲ್ಲಿ ಎಸ್ಟೇಟಿನಲ್ಲಿ ಇರಲಿಲ್ಲ. ಆವತ್ತು ಕುಶಾಲಪ್ಪ ಮಗಳನ್ನು ಎತ್ತಿಕೊಂಡು, ಹಿಂದೆ ಸೀತಮ್ಮ ಬಟ್ಟೆಯ ಗಂಟು ಹಿಡಿದು, ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲು ಅವರಿಗೆ ಧೈರ್ಯ ಸಾಲಲಿಲ್ಲ.

"ಈರಮ್ಮಕ್ಕ," ಎಂದರು, "ಇವಳನ್ನೂ ನೋಡ್ಕೊಳ್ತೀರಾ?"

ಈರಮ್ಮ ಕೈ ಒರೆಸಿಕೊಂಡು ಬಂದು ಮಗುವನ್ನು ಸೊಂಟಕ್ಕೇರಿಸಿಕೊಂಡಳು. ಸೀತಮ್ಮನ ಕಡೆ ತಿರುಗಿ, "ಗಂಜಿ ಕುಡಿಸಿದ್ದೀರೇನವ್ವ, ಇಲ್ಲ ನಾನೇ ಕುಡಿಸ್ಲಾ?" ಎಂದು ಕೇಳಿದಳು.